ಮಾರ್ಫಿನ್ ಡೋಸ್ ಜಾಸ್ತಿಯಾದರೆ ಗೊತ್ತಾಗುವುದು ಹೇಗೆ?

ಚಿಂತಾಮಣಿ ಹತ್ತಿರದ ಹಳ್ಳಿಯಲ್ಲಿ ಕ್ಯಾನ್ಸರ್ ನೋವಿಗೆ ಮಾರ್ಫಿನ್ ತಗೊಳ್ಳುವ ಅಜ್ಜನ ಬಗ್ಗೆ ಕೇಳಿದ್ದೀರಿ. ಮೊದಲು ಉಸಿರು ನೋಡಿ. ಜೋರಾಗಿ ಕರೆದು ಅಲುಗಿಸಿದರೂ ಏಳದೆ, ಉಸಿರು ತೀರಾ ನಿಧಾನವಾಗಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿರುತ್ತದೆ, ತುಟಿ ನೀಲಿಯಾಗಬಹುದು. ಗೊರಗೊರ ಸದ್ದನ್ನು ಗೊರಕೆ ಅಂದುಕೊಂಡು ಸುಮ್ನೆ ಮಲಗಲು ಬಿಡಬೇಡಿ.

ಉಸಿರಾಡು ಅಂತ ಮಿದುಳು ಕೊಡುವ ಆಜ್ಞೆಯನ್ನೇ ಮಾರ್ಫಿನ್ ಮಂಕಾಗಿಸುತ್ತದೆ. ಜೀವ ಹೋಗುವುದು ಆಮ್ಲಜನಕ ಸಿಗದೆ. ಅದಕ್ಕೇ ಆಂಬುಲೆನ್ಸ್ ಬರುವವರೆಗೆ ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, 5 ಸೆಕೆಂಡಿಗೊಮ್ಮೆ ಬಾಯಿಗೆ ಬಾಯಿಟ್ಟು ಊದಿ. ನಾಡಿಯೂ ಸಿಗದಿದ್ದರೆ ಎದೆ ಒತ್ತಬೇಕು. ಚೆನ್ನಾಗಿ ಉಸಿರಾಡುತ್ತಿದ್ದರೆ ಮಗ್ಗುಲಿಗೆ ಮಲಗಿಸಿದರೆ ಸಾಕು.

ನಲೋಕ್ಸೋನ್ ಇಂಜೆಕ್ಷನ್ ಮಾರ್ಫಿನ್ ಹಿಡಿತ ಬಿಡಿಸುತ್ತದೆ. ಆದರೆ ನಲೋಕ್ಸೋನ್ ಪ್ರಭಾವ 30ರಿಂದ 90 ನಿಮಿಷ ಅಷ್ಟೇ, ಅದು ಇಳಿದ ಮೇಲೆ ಮಾರ್ಫಿನ್‌ನಿಂದ ಉಸಿರು ಮತ್ತೆ ನಿಧಾನವಾಗಬಹುದು. ಅಜ್ಜ ಎದ್ದು ಕೂತರೂ ಡಾಕ್ಟರು ಹೇಳುವವರೆಗೆ ಮನೆಗೆ ಕರೆತರಬೇಡಿ.