ಹಳೆಯ ಐ3 ಕಂಪ್ಯೂಟರಿನಲ್ಲಿ ಮದುವೆಯ ವಿಡಿಯೊ ಏಕೆ ತಡವರಿಸುತ್ತದೆ?

ಹಾಸನದ ನಿಮ್ಮ ಮನೆಯಲ್ಲಿ ಟಿವಿಗೆ ಜೋಡಿಸಿರುವ 4ನೇ ಜನರೇಷನ್ ಐ3 ಕಂಪ್ಯೂಟರಿನಲ್ಲಿ ಸಿನಿಮಾಗಳು ಓಡುತ್ತವೆ, ಆದರೆ ಫೋನಿನಲ್ಲಿ ತೆಗೆದ ತಂಗಿಯ ಮದುವೆಯ 4ಕೆ ವಿಡಿಯೊ ಮಾತ್ರ ತಡವರಿಸುತ್ತದೆ, ಅಂಗಡಿಯವರು ಹೇಳಿದಂತೆ ಜಿಟಿ 710 ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೇ ಎಂದು ಕೇಳಿದ್ದೀರಿ. ಆ ಕಾರ್ಡನ್ನು ದಯವಿಟ್ಟು ಕೊಳ್ಳಬೇಡಿ.

ಈಗಿನ ಫೋನುಗಳು ಜಾಗ ಉಳಿಸಲೆಂದು 4ಕೆ ವಿಡಿಯೊವನ್ನು ಬಹುತೇಕ ಎಚ್.265 ಎಂಬ ಹೆಚ್ಚು ಕುಗ್ಗಿಸುವ ರೂಪದಲ್ಲಿ, ಅಂದರೆ ಎಚ್‌ಇವಿಸಿಯಲ್ಲಿ, ಉಳಿಸುತ್ತವೆ. ನಿಮ್ಮ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗದಲ್ಲಿ ಅದಕ್ಕಿಂತ ಹಳೆಯ ಎಚ್.264 ರೂಪವನ್ನು ಡಿಕೋಡ್ ಮಾಡಲು, ಅಂದರೆ ಬಿಚ್ಚಿ ಚಿತ್ರವಾಗಿಸಲು, ಮೀಸಲಾದ ಸರ್ಕ್ಯೂಟ್ ಇದೆ, ಎಚ್.265ಕ್ಕೆ ಇಲ್ಲ. ಇಂಟೆಲ್ ಅದನ್ನು ಪೂರ್ಣವಾಗಿ ಒದಗಿಸಿದ್ದು 2015ರ 6ನೇ ಜನರೇಷನ್‌ನಲ್ಲಿ. 10 ಬಿಟ್ ಬಣ್ಣದ (ಛಾಯೆಗಳು ಹೆಚ್ಚಿರುವ) ಎಚ್.265 ಆದರೆ 7ನೆಯದೇ ಬೇಕು. ಹೀಗಾಗಿ ಇಡೀ ಹೊರೆ ಪ್ರೊಸೆಸರಿನ ಎರಡು ಕೋರ್‌ಗಳ ಮೇಲೆ ಬೀಳುತ್ತದೆ, ಫ್ಯಾನು ಜೋರಾಗಿ ತಿರುಗತೊಡಗುತ್ತದೆ, ಆದರೂ ಚಿತ್ರಗಳು ಹೊತ್ತಿಗೆ ಸರಿಯಾಗಿ ಸಿದ್ಧವಾಗುವುದಿಲ್ಲ. ಜಿಟಿ 710 ಕೆಪ್ಲರ್ ಎಂಬ ಹಳೆಯ ಪೀಳಿಗೆಯ ಚಿಪ್ಪಿನದು, ಅದಕ್ಕೂ ಎಚ್.265 ಬಾರದು. ಇಲ್ಲದ ಶಕ್ತಿಗೆ ದುಡ್ಡು ಕೊಟ್ಟಂತಾಗುತ್ತದೆ.

ಇದನ್ನು ನೀವೇ ಖಚಿತಪಡಿಸಿಕೊಳ್ಳಬಹುದು. ಕೋಡಿ ಎಂಬ ವಿಡಿಯೊ ಪ್ಲೇಯರ್ ತಂತ್ರಾಂಶದಲ್ಲಿ ಆ ವಿಡಿಯೊ ಓಡುವಾಗ ಕೀಬೋರ್ಡಿನ ಓ ಕೀಲಿಯನ್ನು ಒತ್ತಿದರೆ ಡಿಕೋಡರ್ ಹೆಸರಿನ ಪಕ್ಕದಲ್ಲಿ ಎಚ್‌ಡಬ್ಲ್ಯು ಅಥವಾ ಎಸ್‌ಡಬ್ಲ್ಯು ಎಂದು ಕಾಣುತ್ತದೆ. ಮೊದಲನೆಯದಿದ್ದರೆ ಮೀಸಲಾದ ಸರ್ಕ್ಯೂಟೇ ಡಿಕೋಡ್ ಮಾಡುತ್ತಿದೆ, ಎರಡನೆಯದಿದ್ದರೆ ಕೆಲಸವೆಲ್ಲ ಸಾಫ್ಟ್‌ವೇರಿನಿಂದಲೇ ನಡೆಯುತ್ತಿದೆ ಎಂದರ್ಥ. ಸೆಟ್ಟಿಂಗ್‌ನಲ್ಲಿ ಹಾರ್ಡ್‌ವೇರ್ ಆಕ್ಸಲರೇಷನ್ ಆನ್ ಆಗಿದ್ದರೂ ಚಿಪ್ಪಿಗೆ ಬಾರದ ರೂಪ ಎದುರಾದಾಗ ಕೋಡಿ ಸದ್ದಿಲ್ಲದೆ ಸಾಫ್ಟ್‌ವೇರಿಗೆ ಹೊರಳುತ್ತದೆ.

ಇಂತಹ ವಿಡಿಯೊಗಳು ನಾಲ್ಕೈದೇ ಇದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಅವನ್ನು 1080ಪಿ ಎಚ್.264ಕ್ಕೆ ಪರಿವರ್ತಿಸಿ, ಮೂಲ ಫೈಲುಗಳನ್ನು ಬೇರೆಡೆ ಕಾಪಾಡಿ. ರಾತ್ರಿ ಶುರು ಮಾಡಿ ಮಲಗಿದರಾಯಿತು, ನಡುವೆ ಕರೆಂಟ್ ಹೋಗದಿದ್ದರೆ. ನಿಮ್ಮ ಟಿವಿ 4ಕೆ ಅಲ್ಲದಿದ್ದರೆ ನಾನಂತೂ ಇದಕ್ಕಿಂತ ಹೆಚ್ಚು ಖರ್ಚು ಮಾಡುತ್ತಿರಲಿಲ್ಲ. ಕಾರ್ಡೇ ಬೇಕೆಂದಾದರೆ ಜಿಟಿ 1030 ನೋಡಿ: 10 ಬಿಟ್ ಎಚ್.265 ಮತ್ತು ಯೂಟ್ಯೂಬ್ ಬಳಸುವ ವಿಪಿ9 ಎರಡನ್ನೂ ಅದು ಡಿಕೋಡ್ ಮಾಡುತ್ತದೆ, ವಿದ್ಯುತ್ ಬಳಕೆ 30 ವಾಟ್ ಮಾತ್ರ, ಫ್ಯಾನಿಲ್ಲದ ಮಾದರಿಗಳೂ ಉಂಟು. ಇನ್ನೂ ಹೊಸದಾದ ಎವಿ1 ರೂಪ ಮಾತ್ರ ಅದಕ್ಕೆ ಬಾರದು. ಹಾಕಿಸಿದ ಮೇಲೆ ಎಚ್‌ಡಿಎಂಐ ಕೇಬಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೇ ಸಿಕ್ಕಿಸಬೇಕು.

ಸಿನಿಮಾದಲ್ಲಿ ಕ್ಯಾಮೆರಾ ನಿಧಾನವಾಗಿ ಪಕ್ಕಕ್ಕೆ ಸರಿಯುವಾಗ ಚಿತ್ರ ಸಣ್ಣಗೆ ಜಗ್ಗುತ್ತದೆ ಎಂದೂ ಬರೆದಿದ್ದೀರಿ. ಅದು ಬೇರೆಯೇ ತೊಂದರೆ, ಅದಕ್ಕೆ ಯಾವ ಕಾರ್ಡೂ ಮದ್ದಲ್ಲ. ಚಿಕ್ಕಮಗಳೂರಿನ ನಮ್ಮ ಮನೆಯ ಟಿವಿಯಲ್ಲೂ ಇದೇ ಇತ್ತು. ಸಿನಿಮಾ ಸೆಕೆಂಡಿಗೆ ಸುಮಾರು 24 ಚಿತ್ರಗಳದ್ದು, ಟಿವಿ ಸೆಕೆಂಡಿಗೆ 60 ಬಾರಿ ಚಿತ್ರ ಮೂಡಿಸುವ 60 ಹರ್ಟ್ಜ್‌ನಲ್ಲಿ ನಿಂತಿರುತ್ತದೆ. ಲೆಕ್ಕ ಸರಿದೂಗಿಸಲು ಒಂದು ಚಿತ್ರ ಮೂರು ಬಾರಿ, ಮುಂದಿನದು ಎರಡು ಬಾರಿ ಮೂಡುತ್ತದೆ. ಕೋಡಿಯ ಪ್ಲೇಯರ್ ಸೆಟ್ಟಿಂಗ್‌ನಲ್ಲಿ ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್ ಎಂಬುದನ್ನು ಆನ್ ಸ್ಟಾರ್ಟ್/ಸ್ಟಾಪ್‌ಗೆ ಇಟ್ಟರೆ, 24 ಹರ್ಟ್ಜ್ ಒಪ್ಪುವ ಟಿವಿ ಸಿನಿಮಾಕ್ಕೆ ತಕ್ಕಂತೆ ತಾನೇ ಬದಲಾಗುತ್ತದೆ. ಬದಲಾಗುವಾಗ ಪರದೆ ಒಂದೆರಡು ಕ್ಷಣ ಕಪ್ಪಾದರೆ ಗಾಬರಿಪಡಬೇಡಿ.