ಚೀನಾದ ಹಾಗೆ ಇಲ್ಲೂ ನಿಯಮ ಬಂದರೆ ಜನಸಂಖ್ಯೆ ಇಳಿಯುತ್ತಾ?

ಸರ್ಕಾರಿ ನೌಕರಿಯ ಸಂದರ್ಶನದಲ್ಲಿ ‘ಒಂದೇ ಮಗು ನಿಯಮದಿಂದ ಚೀನಾ ಗೆದ್ದಿತು, ನಾವೂ ತರಬೇಕು’ ಎನ್ನಲಾ ಅಂತ ಕೇಳಿದ್ದೀರಿ. ಅಯ್ಯೋ, ನಾನು ಅಂದಿದ್ದೂ ಅದೇ!

ನಾನು ಮಹಾರಾಷ್ಟ್ರದ ಗಡಿಯ ಜತ್ತ ತಾಲೂಕಿನವನು, ಓದಿದ್ದು ಕನ್ನಡ ಶಾಲೆ. ಪುಣೆಯ ಸದಾಶಿವ ಪೇಟೆಯಲ್ಲಿ ಕಾಟ್ ಬೇಸಿಸ್ ಮೇಲೆ, ಅಂದರೆ ಹಂಚಿಕೊಂಡ ಕೋಣೆಯಲ್ಲಿ ಒಂದು ಮಂಚಕ್ಕೆ ಬಾಡಿಗೆ ಕೊಟ್ಟು, ಪರೀಕ್ಷೆಗೆ ಓದುತ್ತಾ ಮೂರು ವರ್ಷ ಕಳೆದು, 2014ರಲ್ಲಿ ಮಹಾರಾಷ್ಟ್ರ ರಾಜ್ಯ ಸೇವೆಯ ಸಂದರ್ಶನದವರೆಗೆ ಹೋದೆ. ‘ಚೀನಾದಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಆರು ಮಕ್ಕಳಿದ್ದರು. ನಿಯಮ ಬಂತು, ಎರಡಕ್ಕಿಂತ ಕೆಳಗಿಳಿಯಿತು’ ಎಂದೆ. ಎದುರಿದ್ದ ಮೇಡಂ ಕೇಳಿದ್ದು ಒಂದೇ: ‘ಆ ಆರು ಯಾವ ವರ್ಷದ್ದು?’

‘1979’ ಎಂದುಬಿಟ್ಟೆ.

ಅದು 1970ರ ಸುಮಾರಿನ ಅಂಕಿ. ನನ್ನ ನೋಟ್ಸ್‌ನಲ್ಲಿ ‘ಮೊದಲು 6, ಈಗ 2ಕ್ಕಿಂತ ಕಡಿಮೆ’ ಅಂತಷ್ಟೇ ಇತ್ತು. ಮೊದಲು ಅಂದರೆ ಯಾವಾಗ? ಬರೆದುಕೊಂಡಿರಲಿಲ್ಲ. ನಿಯಮ ಬರುವ ಹಿಂದಿನ ದಿನ ಅನ್ನುವ ಹಾಗೆ ಸುಮ್ನೆ ನಂಬಿದ್ದೆ. ನಿಜವಾಗಿ 5.8ರಷ್ಟಿದ್ದದ್ದು 1979ರ ಹೊತ್ತಿಗೇ 2.8ರ ಆಸುಪಾಸಿಗೆ ಬಂದಾಗಿತ್ತು. ಆ ವರ್ಷಗಳಲ್ಲಿ ನಡೆದದ್ದು ‘ತಡವಾಗಿ ಮದುವೆ, ಮಕ್ಕಳ ನಡುವೆ ಅಂತರ, ಕಡಿಮೆ ಮಕ್ಕಳು’ ಅನ್ನೋ ಅಭಿಯಾನ. ಅಲ್ಲೂ ಸರ್ಕಾರದ ಒತ್ತಡ ಇತ್ತು, ಆದರೆ ಒಂದೇ ಮಗು ನಿಯಮ ಇನ್ನೂ ಹುಟ್ಟಿರಲಿಲ್ಲ. ದೊಡ್ಡ ಇಳಿತ ಮೊದಲೇ ಆಗಿಹೋಗಿತ್ತು, ನಾನು ಅದರ ಹೆಸರನ್ನು ಆಮೇಲೆ ಬಂದ ನಿಯಮಕ್ಕೆ ಕೊಟ್ಟೆ. ಕೊನೆಯ ಪಟ್ಟಿಯಲ್ಲಿ ನಾಲ್ಕು ಅಂಕಕ್ಕೆ ಕೆಲಸ ತಪ್ಪಿತು.

ಅದೇ ಸಂದರ್ಶನದ ಕಾಗದಪತ್ರಗಳಲ್ಲಿ ‘ಲಹಾನ್ ಕುಟುಂಬ’ದ (ಮರಾಠಿಯಲ್ಲಿ ಚಿಕ್ಕ ಕುಟುಂಬ) ಪ್ರತಿಜ್ಞಾಪತ್ರಕ್ಕೂ ಸಹಿ ಹಾಕಿದ್ದೆ! ಮಹಾರಾಷ್ಟ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದವರಿಗೆ ಸರ್ಕಾರಿ ನೌಕರಿ ಇಲ್ಲ ಅನ್ನುವ ನಿಯಮ 2005ರದ್ದು. ಮೂಗಿನ ಕೆಳಗೇ ಉದಾಹರಣೆ ಇಟ್ಟುಕೊಂಡು ನಾನು ಬೀಜಿಂಗ್‌ಗೆ ಹೋಗಿದ್ದೆ.

ನನ್ನ ಕೇಳಿದರೆ ‘ನಿಯಮ ತರಬೇಕಾ’ ಅನ್ನೋದೇ ತಪ್ಪು ಪ್ರಶ್ನೆ. ಪಂಚಾಯಿತಿ ಚುನಾವಣೆಗೆ ನಿಲ್ಲಲು ಮಹಾರಾಷ್ಟ್ರದಲ್ಲಿ ಎರಡು ಮಕ್ಕಳ ಮಿತಿ ಇದೆ, ಗಡಿ ದಾಟಿ ವಿಜಯಪುರಕ್ಕೆ ಹೋದರೆ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎರಡೂ ರಾಜ್ಯಗಳಲ್ಲಿ ಒಬ್ಬ ಹೆಂಗಸಿಗೆ ಸರಾಸರಿ 1.7 ಮಕ್ಕಳು. ದೇಶದ್ದೇ 2.0. ಆದರೂ ಜನ ಹೆಚ್ಚುತ್ತಿದ್ದಾರೆ, ಯಾಕೆಂದರೆ ಮಕ್ಕಳಾಗುವ ವಯಸ್ಸಿನವರೇ ಅಷ್ಟೊಂದು ಇದ್ದಾರೆ. ಅವರು ಆಗಲೇ ಹುಟ್ಟಿಬಿಟ್ಟಿದ್ದಾರೆ, ಈಗ ನಿಯಮ ತಂದು ಏನು ಮಾಡ್ತೀರಿ? ಚೀನಾದಲ್ಲಿ 2016ರಲ್ಲಿ ಎರಡು, 2021ರಲ್ಲಿ ಮೂರು ಮಕ್ಕಳಿಗೆ ಒಪ್ಪಿಗೆ ಕೊಟ್ಟರೂ 2022ರಿಂದ ಜನಸಂಖ್ಯೆ ಇಳಿಯುತ್ತಲೇ ಇದೆ.

ಹಾಗಂತ ನಿಯಮದಿಂದ ಏನೂ ಆಗಲಿಲ್ಲ ಅಂತಲೂ ಹೇಳಬೇಡಿ, ಅಲ್ಲೂ ಸಿಕ್ಕಿಬೀಳುತ್ತೀರಿ. ಗಂಡೇ ಬೇಕು ಅನ್ನುವ ಮನೆಗಳಲ್ಲಿ ಅದು ಹೆಣ್ಣುಮಕ್ಕಳನ್ನು ನುಂಗಿತು. ಅಲ್ಲಿ 100 ಹೆಣ್ಣು ಹುಟ್ಟುವಲ್ಲಿ 120ರಷ್ಟು ಗಂಡು ಹುಟ್ಟುತ್ತಿದ್ದ ಕಾಲವಿತ್ತು. ಯಾವ ಕಾಲ ಅಂತೀರಾ? 2004ರ ಸುಮಾರು. ಬರೆದುಕೊಳ್ಳಿ.