ಹೇಳುವಷ್ಟು ದೊಡ್ಡದೇನಲ್ಲ

"ಹೇಳುವಷ್ಟು ದೊಡ್ಡದೇನಲ್ಲ ಮೇಡಂ." ಆಪ್ತಸಲಹೆಗೆಂದು ನನ್ನ ಹತ್ತಿರ ಬಂದ ಮೊದಲ ಭೇಟಿಯಲ್ಲಿ ಅವಳು ಈ ಮಾತನ್ನು ಎಷ್ಟು ಸಲ ಹೇಳಿದಳೆಂದರೆ, ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು ಹಾಕುತ್ತಾ ಎಣಿಸತೊಡಗಿದೆ. ಮುಕ್ಕಾಲು ಗಂಟೆಯಲ್ಲಿ ಒಂಬತ್ತು ಗೀಟು.

ಅವಳನ್ನು ಇಲ್ಲಿ ಸುಮತಿ ಎಂದು ಕರೆಯುತ್ತೇನೆ. ಹೆಸರಿನ ಜೊತೆಗೆ, ಗುರುತು ಸಿಗುವಂಥ ಇನ್ನೂ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವಳೂ ಅವಳ ಅಪ್ಪನೂ ಒಪ್ಪಿದ್ದಾರೆ. ವಯಸ್ಸು 19. ಮನೆ ಡೊಂಬಿವಲಿ. ಓದುವುದು ದಾದರ್ ಕಡೆಯ ಒಂದು ಕಾಲೇಜಿನಲ್ಲಿ, ಎರಡನೇ ವರ್ಷದ ಬಿಎಸ್ಸಿ. ಅಪ್ಪ ಅಮ್ಮ ಕುಂದಾಪುರದ ಕಡೆಯವರು, ಅವಳು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಮುಂಬಯಿ ಕಡೆ. ಕಾಲೇಜಿನಲ್ಲಿ ಹಿಂದಿ, ಮರಾಠಿ, ಇಂಗ್ಲಿಷ್. ಮನೆಯಲ್ಲಿ ಕುಂದಾಪುರದ ಕನ್ನಡ. ಕಾಲೇಜಿನಲ್ಲೂ ಸಲಹೆಗಾರರಿದ್ದಾರೆ. ಆದರೆ, "ನನಗೆ ಇಂಗ್ಲಿಷಿನಲ್ಲಿ ಅಳೋಕೆ ಬರಲ್ಲ ಮೇಡಂ" ಎಂದಳು.

ಕಳಿಸಿದ್ದು ಅಮ್ಮ. ಒಂದು ರಾತ್ರಿ ಊಟದ ಡಬ್ಬಿ ತೆರೆದು ನೋಡಿ, "ಚಪಾತಿ ಯಾಕೆ ಹಾಗೇ ವಾಪಸ್ ತಂದಿದ್ದೀ?" ಎಂದು ಕೇಳಿದ್ದಾರೆ. ಅಷ್ಟೇ. ಇವಳು ಡಬ್ಬಿಯನ್ನು ಕಿತ್ತುಕೊಂಡು ಮೋರಿಗೆ ಎಸೆದಳು. ಮುಚ್ಚಳ ಒಡೆಯಿತು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಒಂದು ತಾಸು ಅತ್ತಳು. ಚಿಕ್ಕಂದಿನಿಂದ ಎದುರುತ್ತರ ಕೊಡದ ಹುಡುಗಿ. ಮನೆಯವರು ಹೆದರಿದರು. ಹೆಚ್ಚು ಹೆದರಿದವಳು ಅವಳೇ.

ಆ ದಿನ ಏನೇನಾಯಿತು ಎಂದು ಕೇಳಿದೆ. "ಏನೂ ಆಗಿಲ್ಲ." ಸರಿ, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆ, ಅಲ್ಲಿಂದ ಹೇಳು ಎಂದೆ.

ಐದಕ್ಕೆ ಎದ್ದಿದ್ದಾಳೆ. ಹಿಂದಿನ ರಾತ್ರಿ ಪ್ರಾಕ್ಟಿಕಲ್ ಜರ್ನಲ್ ಬರೆಯುತ್ತಾ ಮಲಗಿದ್ದು ಹನ್ನೆರಡೂವರೆಗೆ. ಫಾಸ್ಟ್ ಲೋಕಲಿನ ಲೇಡೀಸ್ ಡಬ್ಬಿಯಲ್ಲಿ ಬಾಗಿಲ ಹತ್ತಿರವೇ ನಿಂತು ದಾದರ್ ತಲುಪಿದಳು. ಸೇತುವೆಯ ಮೇಲೆ ಟಿಸಿ (ಟಿಕೆಟ್ ತಪಾಸಣೆ ಮಾಡುವವರು) ಪಾಸ್ ಕೇಳಿದರು. ಮೂರು ತಿಂಗಳ ಪಾಸ್ ಹಿಂದಿನ ದಿನವೇ ಮುಗಿದಿತ್ತು. 250 ರೂಪಾಯಿ ದಂಡ, ಜೊತೆಗೆ ಟಿಕೆಟಿನ ದುಡ್ಡು. ಅದು ಪ್ರಾಜೆಕ್ಟ್ ಪ್ರಿಂಟಿಗೆಂದು ಇಟ್ಟ ಹಣ. ಅದರ ಗಲಾಟೆಯಲ್ಲಿ ಮೊದಲ ಲೆಕ್ಚರ್ ಹತ್ತು ನಿಮಿಷ ತಡ. ಒಳಗೆ ಬಿಟ್ಟರು, ಹಾಜರಿ ಹಾಕಲಿಲ್ಲ. ಹೊಸ ಪಾಸಿಗೆ ಕಾಲೇಜು ಕೊಡುವ ಕನ್ಸೆಶನ್ (ರಿಯಾಯಿತಿ) ಫಾರಂ ಬೇಕು. ಕಾಲೇಜಿನ ಕಿಟಕಿ ತೆರೆದಿರುವ ಹೊತ್ತಿಗೆ ಸರಿಯಾಗಿ ಇವಳಿಗೆ ಪ್ರಾಕ್ಟಿಕಲ್. ಪ್ರಾಕ್ಟಿಕಲ್ ಮುಗಿಯುವಷ್ಟರಲ್ಲಿ ಕಿಟಕಿ ಮುಚ್ಚಿತ್ತು. ತಡರಾತ್ರಿಯವರೆಗೆ ಕೂತು ಬರೆದ ಜರ್ನಲಿಗೆ ಸಹಿ ಸಿಗಲಿಲ್ಲ, ಇಂಡೆಕ್ಸ್ ಪುಟದಲ್ಲಿ ತಾರೀಕು ಬಿಟ್ಟುಹೋಗಿತ್ತು. ಪ್ರಾಜೆಕ್ಟಿನಲ್ಲಿ ನಾಲ್ಕು ಜನ ಇದ್ದಾರೆ, ಮೂವರು ಮೆಸೇಜು ಓದಿ ಸುಮ್ನಿದ್ದರು. ಝೆರಾಕ್ಸ್ ಅಂಗಡಿಯ ಸಾಲಿನಲ್ಲಿ ಊಟದ ಹೊತ್ತು ಹೋಯಿತು. ಚಪಾತಿ ಉಳಿದದ್ದು ಹೀಗೆ. ಸಂಜೆ ದಾದರಿನಲ್ಲಿ ಎರಡು ಗಾಡಿ ಬಿಟ್ಟು ಮೂರನೆಯದಕ್ಕೆ ಹತ್ತಿದಳು. ಕುರ್ಲಾ ದಾಟಿದ ಮೇಲೆ ಒಬ್ಬರು ಠಾಣೆಗೆ ಇಳಿಯುತ್ತೇನೆ, ಸೀಟು ನಿನಗೇ ಎಂದರು. ಠಾಣೆಯಲ್ಲಿ ಆ ಸೀಟಿಗೆ ಅವರ ಗೆಳತಿ ಕೂತರು. ಇವಳಿಗೆ ಫೋರ್ತ್ ಸೀಟು, ಅಂದರೆ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವರು ಕೂರುವ ಜಾಗ ಕೂಡ ಸಿಗಲಿಲ್ಲ.

ಆಮೇಲೆ ಮನೆ, ಆಮೇಲೆ ಚಪಾತಿಯ ಪ್ರಶ್ನೆ.

ಇದರಲ್ಲಿ ಯಾವುದೂ ದೊಡ್ಡದಲ್ಲ, ನಿಜ. ಆದರೆ ಬೆಳಗಿನ ಐದರಿಂದ ರಾತ್ರಿ ಎಂಟರವರೆಗೆ ಒಂದರ ಮೇಲೊಂದು ಬಿದ್ದಿವೆ. ಮನಸ್ಸಿನ ಒತ್ತಡದ ಬಗ್ಗೆ ಕೆಲಸ ಮಾಡಿದ ರಿಚರ್ಡ್ ಲಾಜರಸ್ ಮತ್ತು ಅವರ ಸಂಗಡಿಗರು 1981ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ದಿನನಿತ್ಯದ 117 ಸಣ್ಣ ಕಿರಿಕಿರಿಗಳ ಪಟ್ಟಿ ಮಾಡಿ, ನೂರು ಜನರನ್ನು ತಿಂಗಳುಗಟ್ಟಲೆ ಕೇಳುತ್ತಾ ಹೋದರು. ಸಾವು, ಕೆಲಸ ಹೋಗುವುದು ಮುಂತಾದ ದೊಡ್ಡ ಘಟನೆಗಳಿಗಿಂತ ಈ ಕಿರಿಕಿರಿಗಳೇ ಮನಸ್ಸಿನ ತೊಂದರೆಯನ್ನು ಹೆಚ್ಚು ಚೆನ್ನಾಗಿ ಸೂಚಿಸುತ್ತಿದ್ದವು. ನಾನು ಇದನ್ನು ಸುಮತಿಗೆ ಹೇಳಿದೆ. ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. "ಇದಕ್ಕೆಲ್ಲ ಅಧ್ಯಯನ ಮಾಡ್ತಾರಾ?" ಎಂದು ಕೇಳಿದಳು.

ಸಿಟ್ಟಿನ ಹಿಂದೆ ಬೇರೇನಾದರೂ ಇದೆಯೇ ಎಂದು ನೋಡಲೇಬೇಕು. ಖಿನ್ನತೆ ಇದೆಯೇ ಎಂದು ನೋಡುವ, ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಮಾಡಿಸಿದೆ. ಅಂಕ 8 ಬಂತು, ಅಂದರೆ ಸೌಮ್ಯ ಮಟ್ಟ. ಸಾಯಬೇಕು ಅನ್ನಿಸಿದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂದು ಹಲವರು ಹೆದರುತ್ತಾರೆ. ಹಾಗಾಗುವುದಿಲ್ಲ, ಕೇಳಬೇಕು. ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಅವಳ ಫೋನಿನಲ್ಲಿ ಉಳಿಸಿಸಿದೆ. ಯಾವ ಹೊತ್ತಿನಲ್ಲಿ ಕರೆ ಮಾಡಿದರೂ ದುಡ್ಡಿಲ್ಲದೆ ಮಾತಾಡಬಹುದು, ಕನ್ನಡದಲ್ಲೂ. ಇನ್ನೊಂದು ವಿಷಯ ನನ್ನ ಕಣ್ಣಿಗೆ ಬಿದ್ದಿತ್ತು. ಮೆಟ್ಟಿಲು ಹತ್ತಿ ಬಂದವಳಿಗೆ ಉಸಿರು ಸಮ ಆಗಲು ಬಹಳ ಹೊತ್ತು ಬೇಕಾಯಿತು, ಉಗುರು ಬಿಳಿಚಿತ್ತು. ಡಾಕ್ಟರ ಹತ್ತಿರ ಕಳಿಸಿದೆ. ಹಿಮೋಗ್ಲೋಬಿನ್ 9.8. ಹೆಂಗಸರಿಗೆ 12 ಇರಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ 59.1% ಮಂದಿಗೆ ರಕ್ತಹೀನತೆ ಇದೆ. ಸುಸ್ತು, ಸಿಡುಕು, ಓದಿದ್ದು ತಲೆಗೆ ಹತ್ತದಿರುವುದು, ಎಲ್ಲಕ್ಕೂ ಅದರ ಪಾಲು ಇರುತ್ತದೆ. ಹುಡುಗಿಗೆ ಸಿಟ್ಟು ಜಾಸ್ತಿ ಎಂದು ಕರೆದುಕೊಂಡು ಬರುವ ಎಲ್ಲ ಮನೆಯವರಿಗೂ ನಾನು ಮೊದಲು ರಕ್ತ ಪರೀಕ್ಷೆ ಮಾಡಿಸಿ ಎನ್ನುತ್ತೇನೆ.

ಇಷ್ಟೆಲ್ಲ ಮಾಡಿದರೂ ಮೊದಲ ಭೇಟಿಯಲ್ಲಿ ನಾನೊಂದು ತಪ್ಪು ಮಾಡಿದೆ. ಅವಸರದಲ್ಲಿ ಪರಿಹಾರ ಹೇಳಿಬಿಟ್ಟೆ. ಪಾಸ್ ಮುಗಿಯುವ ತಾರೀಕಿಗೆ ವಾರ ಮೊದಲು ಫೋನಿನಲ್ಲಿ ಅಲಾರಂ ಇಡು, ಜರ್ನಲ್ ಅವತ್ತಿನದ್ದು ಅವತ್ತೇ ಬರಿ, ಹೀಗೆ. ಅವಳು ತಲೆಯಾಡಿಸಿ ಹೋದಳು. ಎರಡು ವಾರ ಬಿಟ್ಟು ಬಂದಾಗ ಒಂದನ್ನೂ ಮಾಡಿರಲಿಲ್ಲ. ಮುಖ ಇನ್ನೂ ಸಣ್ಣದಾಗಿತ್ತು. ಈಗ ಅವಳ ಪಟ್ಟಿಗೆ ನಾನು ಕೊಟ್ಟ ಕೆಲಸವೂ ಸೇರಿಕೊಂಡಿತ್ತು.

ಆಗ ಬೇರೆ ಪ್ರಶ್ನೆ ಕೇಳಿದೆ. "ಟಿಸಿ ಹಿಡಿದದ್ದನ್ನು ಯಾರಿಗೆ ಹೇಳಿದೆ?"

"ಯಾರಿಗೂ ಇಲ್ಲ."

"ಗೆಳತಿಯರಿಗೆ?"

"ಹೇಳಿದ್ರೆ ಸೇಮ್ ಯಾರ್ ಅಂತಾರೆ. ಎಲ್ಲರಿಗೂ ಅದೇ ಅಲ್ವಾ?"

"ಅಪ್ಪನಿಗೆ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಪ್ಪಯ್ಯ ಹೋಟೆಲಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಓದಿದವರು ಮೇಡಂ. ಅವರ ಎದುರಿಗೆ ನಾನು ಝೆರಾಕ್ಸ್ ಸಾಲಿನ ಕಥೆ ಹೇಗೆ ಹೇಳಲಿ?"

ಮುಂಬಯಿಯ ಕನ್ನಡಿಗರಿಗೆ ಈ ಮಾತಿನ ತೂಕ ಗೊತ್ತು. ಕರಾವಳಿಯಿಂದ ಹನ್ನೆರಡು ಹದಿಮೂರು ವಯಸ್ಸಿಗೆ ಬಂದ ಹುಡುಗರು ಹಗಲು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದರು. ಸಂಜೆ ಫೋರ್ಟಿನಂಥ ಕಡೆ ಕನ್ನಡ ರಾತ್ರಿ ಶಾಲೆಗಳಲ್ಲಿ ಕೂತು ಎಸ್‌ಎಸ್‌ಸಿ ಮಾಡಿದರು. ನಮ್ಮ ಎಷ್ಟೋ ಮನೆಗಳು ನಿಂತಿರುವುದು ಆ ಓದಿನ ಮೇಲೆ. ನನಗೆ ಆ ತಲೆಮಾರಿನ ಮೇಲೆ ತುಂಬಾ ಗೌರವ. ಆದರೆ ಆ ಕಥೆಯನ್ನು ಅಳತೆಗೋಲು ಮಾಡಿ ಮನೆಯ ಗೋಡೆಗೆ ತೂಗುಹಾಕಿದಾಗ ಮಕ್ಕಳ ಬಾಯಿ ಕಟ್ಟುತ್ತದೆ. ಸುಮತಿ ಆರನೇ ಕ್ಲಾಸಿನಲ್ಲಿ ಬ್ಯಾಗು ಭಾರ ಎಂದಾಗ ಅಪ್ಪ ಹೇಳಿದ್ದರು, "ಇದೂ ಒಂದು ಕಷ್ಟವಾ?" ಬೈದದ್ದಲ್ಲ, ನಗುತ್ತಲೇ ಹೇಳಿದ್ದು. ಅವಳು ಅವತ್ತೇ ನಿಲ್ಲಿಸಿದಳು. ಹೇಳುವಷ್ಟು ದೊಡ್ಡದು ಯಾವತ್ತೂ ಬರಲೇ ಇಲ್ಲ.

ಅಪ್ಪನನ್ನು ಕರೆಸಿದೆ. ಭಾನುವಾರ ಹಳಿ ದುರಸ್ತಿಗೆಂದು ಗಾಡಿ ಕಡಿಮೆ ಮಾಡುವ ಮೆಗಾಬ್ಲಾಕ್ ಇದ್ದರೂ ಹೇಳಿದ ಹೊತ್ತಿಗೆ ಹತ್ತು ನಿಮಿಷ ಮೊದಲೇ ಮುಲುಂಡಿನ ನನ್ನ ಕೋಣೆಗೆ ಬಂದು ಕೂತಿದ್ದರು. ಇಸ್ತ್ರಿ ಮಾಡಿದ ಶರ್ಟು. ಈಗ ಒಂದು ಕಂಪನಿಯ ಕ್ಯಾಂಟೀನಿನಲ್ಲಿ ಮೇಲ್ವಿಚಾರಕರು. ಮಗಳಿಗೆ ಏನು ಕಡಿಮೆ ಮಾಡಿದ್ದೇನೆ ಮೇಡಂ ಎಂದು ಕೇಳುವಾಗ ಗಂಟಲು ಕಟ್ಟಿತು. ನಾನು ಅದಕ್ಕೆ ಉತ್ತರ ಕೊಡದೆ ಅವರ ಕಥೆ ಕೇಳಿದೆ. 1981ರಲ್ಲಿ ಬಂದದ್ದು. ಸೋಡಾ ನೀರಿನಲ್ಲಿ ಲೋಟ ತೊಳೆದೂ ತೊಳೆದೂ ಬೆರಳ ಸಂದಿ ಕೊಳೆತದ್ದು. ಮಲಗುವುದು ಹೋಟೆಲಿನ ಅಟ್ಟದ ಮೇಲೆ. ಎಲ್ಲವನ್ನೂ ಒಂದೇ ದನಿಯಲ್ಲಿ, ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದರು.

"ಅತ್ತದ್ದು ನೆನಪುಂಟಾ?" ಎಂದು ಕೇಳಿದೆ.

ತುಂಬಾ ಹೊತ್ತು ಯೋಚಿಸಿದರು. "ಚಪ್ಪಲಿ" ಎಂದರು. ರಾತ್ರಿ ಶಾಲೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿ ಒಂದು ದಿನ ಕಾಣೆಯಾಯಿತು. ಹಸಿವಿಗೆ ಅಳದವರು, ಬೆರಳಿನ ಹುಣ್ಣಿಗೆ ಅಳದವರು, ಅವತ್ತು ಬರಿಗಾಲಲ್ಲಿ ಹೋಟೆಲಿಗೆ ನಡೆಯುತ್ತಾ ದಾರಿಯುದ್ದಕ್ಕೂ ಅತ್ತರಂತೆ. ಹೋಟೆಲಿನಲ್ಲಿ ದೋಸೆ ಹೊಯ್ಯುವ ಹಿರಿಯರೊಬ್ಬರು ಇದ್ದರು. ರಾತ್ರಿ ಬಾಗಿಲು ಹಾಕಿದ ಮೇಲೆ ದಿನಾ ಇವರನ್ನು ಹತ್ತಿರ ಕೂರಿಸಿಕೊಂಡು, "ಇವತ್ತು ಎಂತ ಆಯ್ತಾ?" ಎಂದು ಕೇಳುತ್ತಿದ್ದರು. ಅವತ್ತೂ ಕೇಳಿದರು. ಚಪ್ಪಲಿ ಕೊಡಿಸಲು ಅವರ ಹತ್ತಿರವೂ ದುಡ್ಡಿರಲಿಲ್ಲ. ಪೂರ್ತಿ ಕೇಳಿದರು, ಒಂದು ಲೋಟ ಬಿಸಿ ಹಾಲು ಕೊಟ್ಟರು.

ಇದನ್ನು ಹೇಳಿ ಮುಗಿಸಿದವರು ತಾವೇ ಮಗಳ ಕಡೆ ತಿರುಗಿದರು. "ಟಿಸಿ ಹಿಡಿದನಂತೆ, ಹೌದಾ?" ಎಂದು ಕೇಳಿದರು. ಅಮ್ಮನಿಗೆ ಹೇಗೋ ಗೊತ್ತಾಗಿ ಅವರ ಕಿವಿಗೂ ಬಿದ್ದಿತ್ತಂತೆ. ಸುಮತಿ ಹೇಳತೊಡಗಿದಳು. ನಾನು ನೀರು ತರುವ ನೆಪದಲ್ಲಿ ಹೊರಗೆ ಹೋದೆ.

ಸಲಹೆ ಏನು ಕೊಟ್ಟೆ ಎಂದು ಹೇಳಬೇಕಲ್ಲ. ಅಪ್ಪನಿಗೆ ಕೊಟ್ಟದ್ದು ಒಂದೇ: ರಾತ್ರಿ ಊಟಕ್ಕೆ ಮೊದಲು ಹತ್ತು ನಿಮಿಷ ಮಗಳ ಮಾತು ಕೇಳಬೇಕು. "ನಮ್ಮ ಕಾಲದಲ್ಲಿ" ಎನ್ನಬಾರದು, "ಹೀಗೆ ಮಾಡಬೇಕಿತ್ತು" ಎನ್ನಬಾರದು, "ಅಷ್ಟೇನಾ" ಅಂತೂ ಬೇಡವೇ ಬೇಡ. ಕೇಳಲು ಅನುಮತಿ ಇರುವ ಪ್ರಶ್ನೆ "ಆಮೇಲೆ?" ಮಾತ್ರ. ತಮ್ಮ ಕಥೆಯನ್ನು ಬೇರೆ ದಿನ ಹೇಳಲಿ, ಚಪ್ಪಲಿಯ ಭಾಗವನ್ನೂ ಸೇರಿಸಿ ಹೇಳಲಿ. ಅವರಿಗೆ ರಾತ್ರಿ ಪಾಳಿ ಇರುವ ದಿನ ಸುಮತಿ ಹದಿನೈದು ನಿಮಿಷ ಬರೆಯಬೇಕು, ಅಕ್ಷರ, ವ್ಯಾಕರಣ ನೋಡದೆ. ಮನಸ್ಸಿನಲ್ಲಿ ಇದ್ದದ್ದನ್ನು ಹೀಗೆ ಬರೆದು ಇಳಿಸುವುದರ ಬಗ್ಗೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ 1986ರಿಂದ ಕೆಲಸ ಮಾಡಿದ್ದಾರೆ. ಎಲ್ಲರಿಗೂ ಒಂದೇ ರೀತಿ ಉಪಯೋಗ ಆಗುವುದಿಲ್ಲ. ಬರೆದು ಬೇಜಾರು ಜಾಸ್ತಿಯಾದರೆ ನಿಲ್ಲಿಸು ಎಂದೂ ಹೇಳಿದ್ದೇನೆ.

ಮಾತಾಡಲು ಶುರು ಮಾಡಿದ ಮೇಲೆ ಉಳಿದ ಕೆಲಸಗಳಿಗೆ ಅವಳೇ ಕೈ ಹಾಕಿದಳು. ಪಾಸಿನ ಅಲಾರಂ ಇಟ್ಟಳು. ಪ್ರಾಜೆಕ್ಟ್ ಗುಂಪಿಗೆ "ಯಾರಾದರೂ ಮಾಡ್ರಪ್ಪಾ" ಎಂದು ಬರೆಯುವುದನ್ನು ಬಿಡು, ಹೆಸರು ಹಾಕಿ ಕೇಳು ಎಂದಿದ್ದೆ. ಹೆಸರು ಹಾಕಿ ಬರೆದಾಗ ಮೂವರಲ್ಲಿ ಇಬ್ಬರು ಮಾಡಿಕೊಟ್ಟರು. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದರೆ ಕೂರಲು ಜಾಗ ಸಿಗುತ್ತದೆ, ಅದು ಸ್ಲೋ ಆದರೂ ಒಂದು ವಾರ ನೋಡು ಎಂದಿದ್ದೆ. ಬೇಗ ಏಳಬೇಕಾಗುತ್ತದೆ ಎಂದು ಒಪ್ಪಲಿಲ್ಲ. ಈಗ ಪ್ರಾಕ್ಟಿಕಲ್ ಇರುವ ಎರಡು ದಿನ ಮಾತ್ರ ಹಾಗೆ ಹೋಗುತ್ತಾಳೆ, ಕೂತು ನಿದ್ದೆ ಮಾಡುತ್ತಾಳೆ. ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ನುಂಗುತ್ತಿದ್ದಳು. ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಿಂಬೆ ನೀರಿನ ಜೊತೆ ತಗೋ ಎಂದು ಡಾಕ್ಟರು ತಿದ್ದಿದರು.

ಹಾಜರಿಯ ವಿಷಯ ಇನ್ನೂ ಮುಗಿದಿಲ್ಲ. ಮುಂಬಯಿ ವಿಶ್ವವಿದ್ಯಾಲಯದ ನಿಯಮದಂತೆ 75% ಬೇಕು, ಇವಳದು ಕಡಿಮೆ ಇದೆ. ಡಿಫಾಲ್ಟರ್ ಪಟ್ಟಿಯಲ್ಲಿ ಹೆಸರು ಬಂದ ದಿನ ಮನೆಗೆ ಬಂದು ಮೊದಲು ಹೇಳಿದ್ದು ಅಪ್ಪನಿಗೆ. ರಕ್ತ ಪರೀಕ್ಷೆಯ ಕಾಗದ, ಡಾಕ್ಟರ ಚೀಟಿ ಸೇರಿಸಿ ಅರ್ಜಿ ಕೊಟ್ಟಿದ್ದಾರೆ. ಪಾಲಕರು ಬರಬೇಕು ಎಂದಾಗ ಅಪ್ಪ ಅರ್ಧ ದಿನ ರಜೆ ಹಾಕಿ ಹೋಗಿ ಬಂದರು. ಉತ್ತರ ಬಂದಿಲ್ಲ. ಎರಡು ತಿಂಗಳ ನಂತರದ ಹಿಮೋಗ್ಲೋಬಿನ್ 11.2. ಹತ್ತು ನಿಮಿಷ ಎಂದು ಶುರುವಾದದ್ದು ಈಗ ಅರ್ಧ ಗಂಟೆಗೆ ಹೋಗುತ್ತದೆ, ಅನ್ನ ಆರಿಹೋಗುತ್ತದೆ ಎಂದು ಅಮ್ಮ ಫೋನಿನಲ್ಲಿ ಹೇಳಿದರು. ಮುಂದಿನ ಭೇಟಿ ಪರೀಕ್ಷೆ ಮುಗಿದ ಮೇಲಿನ ಭಾನುವಾರ. ಈ ಸಲ ಅಮ್ಮನೂ ಬರುತ್ತಾರಂತೆ. ಅವರಿಗೂ ಹೇಳುವುದು ಇದೆಯಂತೆ.